ಗುಡ್ ಬೆಟರ್ ಬೆಸ್ಟ್ ಬಾಯಿಪಾಠ ಇದ್ದೂ ತಪ್ಪು ಮಾಡ್ತಿದ್ದೆ

ಒಂದಿನ ಆಫೀಸಲ್ಲಿ ಒಂದು ಮೇಲ್ ಡ್ರಾಫ್ಟ್ ಮಾಡಿ, ಕಳಿಸೋಕೆ ಮುಂಚೆ ಒಂದ್ಸಲ ನೋಡಿಬಿಡಿ ಅಂತ ನಮ್ಮ ಸೀನಿಯರ್ ಒಬ್ಬರಿಗೆ ಕೊಟ್ಟೆ. ಹಾಗೇ ವಾಪಸ್ ಬಂತು, ಕಾಮೆಂಟ್ ಏನೂ ಇಲ್ಲ, ಬರೀ ಎರಡು ಕಡೆ ಹಳದಿ ಬಣ್ಣ. ಒಂದು ಕಡೆ 'ಮೋರ್ ಬೆಟರ್', ಇನ್ನೊಂದು ಕಡೆ 'ವೆರಿ ಫಾಸ್ಟರ್'. ನೋಡಿದ ತಕ್ಷಣ ಮುಖ ಬಿಸಿ ಆಯ್ತು, ಯಾಕಂದ್ರೆ ನನಗೆ ಡಿಗ್ರೀಸ್ ಆಫ್ ಕಂಪ್ಯಾರಿಸನ್ ಗೊತ್ತಿಲ್ಲ ಅಂತಲ್ಲ, ಸ್ಕೂಲಲ್ಲಿ ಮೂರು ಕಾಲಂ ಹಾಕಿಸಿ ಗುಡ್ ಬೆಟರ್ ಬೆಸ್ಟ್, ಬ್ಯಾಡ್ ವರ್ಸ್ ವರ್ಸ್ಟ್ ಅಂತ ಮಗ್ಗಿ ಥರ ಹೇಳಿಸಿದ್ರು, ಈಗ ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಹೇಳ್ತೀನಿ. ಟೇಬಲ್ ಪಕ್ಕಾ ಗೊತ್ತಿದ್ದೂ ವಾಕ್ಯ ತಪ್ಪಾಗುತ್ತೆ ಅಂದ್ರೆ ತಪ್ಪು ಇರೋದು ಟೇಬಲ್ಲಲ್ಲಿ ಅಲ್ಲ, ಬೇರೆ ಎಲ್ಲೋ ಇದೆ ಅಂತಾಯ್ತಲ್ಲ.

ಅದು ಎಲ್ಲಿದೆ ಅಂತ ಹುಡುಕೋಕೆ ನಾನು ಗ್ರಾಮರ್ ಪುಸ್ತಕ ತೆಗೀಲಿಲ್ಲ, ನನ್ನ ಸೆಂಟ್ ಫೋಲ್ಡರ್ ತೆಗೆದೆ. ಸರ್ಚ್ ಬಾಕ್ಸಲ್ಲಿ ದ್ಯಾನ್ ಅಂತ ಹಾಕ್ದೆ, ಆಮೇಲೆ ಮೋರ್, ಆಮೇಲೆ ಮೋಸ್ಟ್, ಬಂದ ವಾಕ್ಯಗಳನ್ನೆಲ್ಲ ಒಂದು ನೋಟ್‌ಬುಕ್ಕಿಗೆ ಬರ್ಕೊಂಡೆ. ಪ್ರತಿ ವಾಕ್ಯದ ಕೆಳಗೆ ಅದನ್ನ ಕನ್ನಡದಲ್ಲಿ ನಾನು ಹೇಗೆ ಹೇಳ್ತೀನೋ ಹಾಗೆ, ಮಾತಾಡೋ ಕನ್ನಡದಲ್ಲೇ, ಬರೆದೆ. ನಾಚಿಕೆ ಆಗೋ ಕೆಲಸ, ಆದ್ರೆ ನನಗೆ ಅತೀ ಹೆಚ್ಚು ಕಲಿಸಿದ್ದು ಇದೇ. ಬೆಟರ್, ಫಾಸ್ಟರ್, ಬೆಸ್ಟ್ ಅನ್ನೋ ಪದಗಳು ಹೆಚ್ಚುಕಮ್ಮಿ ಎಲ್ಲಾ ಕಡೆ ಸರಿಯಾಗೇ ಇದ್ವು. ತಪ್ಪಿದ್ದಿದ್ದು ಅವುಗಳ ಅಕ್ಕಪಕ್ಕದ ಮನೆಗಳಲ್ಲಿ. ಆ ಪದದ ಹಿಂದೆ ಬರೋ ವೆರಿ, ಮೋರ್, ದ, ಮತ್ತೆ ಮುಂದೆ ಬರೋ ದ್ಯಾನ್, ಆಫ್, ಇನ್. ಸ್ಕೂಲ್ ಟೇಬಲ್ಲಲ್ಲಿ ಈ ಅಕ್ಕಪಕ್ಕಕ್ಕೆ ಕಾಲಂ ಇರಲೇ ಇಲ್ಲ.

ಕನ್ನಡ ಸಾಲು ಕೆಳಗೆ ಬರೆದಿದ್ದಕ್ಕೆ ಇನ್ನೊಂದು ಕಾಣಿಸ್ತು. ನಮ್ಮಲ್ಲಿ ಗುಣವಾಚಕವನ್ನ ಯಾರೂ ಮುಟ್ಟೋದೇ ಇಲ್ಲ. 'ಇದು ದೊಡ್ಡದು', 'ಅದಕ್ಕಿಂತ ಇದು ದೊಡ್ಡದು', 'ಎಲ್ಲದಕ್ಕಿಂತ ಇದೇ ದೊಡ್ಡದು', ಮೂರರಲ್ಲೂ ದೊಡ್ಡದು ದೊಡ್ಡದಾಗೇ ಕೂತಿರುತ್ತೆ, ಹೋಲಿಕೆಯ ಕೆಲಸ ಪೂರ್ತಿ ಮಾಡೋದು ಗಿಂತ. ಇಂಗ್ಲಿಷಲ್ಲಿ ಹಾಗಲ್ಲ, ಬಿಗ್ ಬಿಗ್ಗರ್ ಆದಂಗೆ ಪದಕ್ಕೂ ಅರ್ ಅನ್ನೋ ಬಾಲ ಅಂಟಬೇಕು, ದ್ಯಾನ್ ಕೂಡ ಬರಬೇಕು. ಅದಲ್ದೆ ನಾವು ಯಾವುದಕ್ಕೆ ಹೋಲಿಸ್ತೀವೋ ಅದನ್ನ ಮೊದಲೇ ಹೇಳಿ ಮುಗಿಸಿಬಿಡ್ತೀವಿ. 'ಅದಕ್ಕಿಂತ' ಅಂತ ಬಾಯಿಂದ ಬಂದಾಗಲೇ ಹೋಲಿಕೆ ಆಗಿಹೋಯ್ತು ಅಂತ ತಲೆ ಅಂದ್ಕೊಳ್ಳುತ್ತೆ, ಕೊನೇಲಿ ಬರೋ ಪದಕ್ಕೆ ಬಾಲ ಹಚ್ಚೋದು ಮರೆತುಹೋಗುತ್ತೆ. ಮೀಟಿಂಗಲ್ಲಿ ನಾನು ಪದೇ ಪದೇ 'ಕಂಪೇರ್ಡ್ ಟು ದಟ್, ದಿಸ್ ಈಸ್ ಬಿಗ್' ಅಂತಿದ್ದಿದ್ದು ಇದಕ್ಕೇ. ಅರ್ಥ ಆಗಲ್ಲ ಅಂತಲ್ಲ, ಆದ್ರೆ ಅದು ಗಿಂತವನ್ನ ಮುಂದಿಟ್ಟು ಕಟ್ಟಿದ ಕನ್ನಡ ವಾಕ್ಯ, ಮೇಲೆ ಇಂಗ್ಲಿಷ್ ಶರ್ಟ್ ಹಾಕಿದೆ ಅಷ್ಟೆ.

ಈಗ ಆ ಹಳದಿ ಬಣ್ಣದ ವಿಷಯ. 'ವೆರಿ ಫಾಸ್ಟರ್' ಕೆಳಗೆ ನಾನು ಬರೆದಿದ್ದ ಕನ್ನಡ: 'ಹಳೇದಕ್ಕಿಂತ ಇದು ತುಂಬಾ ಫಾಸ್ಟು'. ಕನ್ನಡದಲ್ಲಿ ಏನೂ ತಪ್ಪಿಲ್ಲ, ನಮ್ಮ ತುಂಬಾ ಎಲ್ಲಿ ಬೇಕಾದ್ರೂ ಕೂತ್ಕೊಳ್ಳುತ್ತೆ, ಗಿಂತ ಇದ್ರೂ ಸರಿ, ಇಲ್ದಿದ್ರೂ ಸರಿ. ಆದ್ರೆ ಇಂಗ್ಲಿಷಲ್ಲಿ ವೆರಿ ಅನ್ನೋದು ಅರ್ ಬಾಲ ಇರೋ ಪದದ ಹತ್ರ ಬರಲ್ಲ. ವೆರಿ ಫಾಸ್ಟ್ ಓಕೆ, ಫಾಸ್ಟರ್ ಅಂತಾದ ಕೂಡ್ಲೇ ಮಚ್ ಫಾಸ್ಟರ್, ಫಾರ್ ಫಾಸ್ಟರ್, ಅ ಲಾಟ್ ಫಾಸ್ಟರ್. ಸ್ವಲ್ಪ ಅಂದ್ರೆ ಅ ಬಿಟ್ ಫಾಸ್ಟರ್ ಅಥವಾ ಸ್ಲೈಟ್ಲಿ ಫಾಸ್ಟರ್. ನಾನು ಮಾಡ್ಕೊಂಡ ಉಪಾಯ ಏನಂದ್ರೆ ಮನಸ್ಸಲ್ಲಿ ಬಂದ ಕನ್ನಡ ವಾಕ್ಯದಲ್ಲಿ ಗಿಂತ ಇದ್ಯಾ ನೋಡೋದು. ಗಿಂತ ಇದ್ರೆ ತುಂಬಾಕ್ಕೆ ಮಚ್, ಗಿಂತ ಇಲ್ಲಾಂದ್ರೆ ವೆರಿ. ಇಷ್ಟೇ ಇಟ್ಕೊಂಡ ಮೇಲೆ ಈ ತಪ್ಪು ಮತ್ತೆ ಬಂದಿಲ್ಲ.

'ಮೋರ್ ಬೆಟರ್' ಕಥೆ ಬೇರೆ. ಅದರ ಕೆಳಗಿದ್ದ ಕನ್ನಡ 'ಇದು ಇನ್ನೂ ಚೆನ್ನಾಗಿದೆ'. ಆ ಇನ್ನೂ ಅನ್ನೋದನ್ನ ನಾನು ಮೋರ್ ಮಾಡಿದ್ದೆ. ಬೆಟರ್ ಒಳಗೇ ಮೋರ್ ಕೂತಿದೆ, ಮತ್ತೆ ಮೋರ್ ಹಾಕಿದ್ರೆ ಎರಡೆರಡು ಸಲ ಆಗುತ್ತೆ. ಆದ್ರೆ ನನ್ನ ಇನ್ನೂನ ಹಾಗೇ ಎತ್ತಿ ಬಿಸಾಕೋಕೂ ಮನಸ್ಸಾಗಲಿಲ್ಲ, ಅದಕ್ಕೆ ಒಂದು ಅರ್ಥ ಇದ್ಯಲ್ಲ, ಮೊದಲಿಂದೂ ಚೆನ್ನಾಗಿತ್ತು ಇದು ಅದಕ್ಕೂ ಮೇಲೆ ಅಂತ. ಅದಕ್ಕೆ ಇಂಗ್ಲಿಷಲ್ಲಿ ಈವನ್ ಇದೆ ಅಂತ ಆಮೇಲೆ ಗೊತ್ತಾಯ್ತು, 'ಈವನ್ ಬೆಟರ್'. ಸರಿಯಾದ ಪದ ಸಿಕ್ಕಿದ ಮೇಲೆ ತಪ್ಪು ಪದ ತಾನಾಗೇ ಬಿಟ್ಟುಹೋಯ್ತು. ಬರೀ 'ಹಾಗನ್ನಬೇಡ' ಅಂತ ಯಾರಾದ್ರೂ ಹೇಳಿದ್ರೆ ನನ್ನ ಕೈಲಿ ಆಗ್ತಿರಲಿಲ್ಲ ಅನ್ಸುತ್ತೆ.

ಅಂದಹಾಗೆ ಡಬಲ್ ಹಾಕೋದು ಇಂಗ್ಲಿಷಿನವರಿಗೂ ಹೊಸದೇನಲ್ಲ, ಶೇಕ್ಸ್‌ಪಿಯರ್ ಕಾಲದಲ್ಲಿ ಒತ್ತು ಕೊಡೋಕೆ ಅಂತ ಧಾರಾಳವಾಗಿ ಹಾಕ್ತಿದ್ರು. ಈಗಲೂ ಅವರು ಆರಾಮಾಗಿ ಬಳಸೋ ನಿಯರರ್ ಅನ್ನೋ ಪದ ನೋಡಿ, ನಿಯರ್ ಅನ್ನೋದೇ ಮೂಲದಲ್ಲಿ ನೈ ಅನ್ನೋ ಹಳೇ ಪದದ ಕಂಪ್ಯಾರಿಟಿವ್ (ಬೆಟರ್ ಥರದ ರೂಪ), ನೆಕ್ಸ್ಟ್ ಅದರ ಸೂಪರ್ಲೇಟಿವ್ (ಬೆಸ್ಟ್ ಥರದ್ದು). ಅಂದ್ರೆ ನಿಯರರ್ ಒಂಥರಾ ಮೋರ್ ಬೆಟರೇ. ಇದು ಗೊತ್ತಾದ ದಿನ ನನಗೆ ಸ್ವಲ್ಪ ಸಮಾಧಾನ ಆಯ್ತು.

ನಮ್ಮಲ್ಲೂ ಇದೆ ಈ ಆಟ. ಶ್ರೇಷ್ಠ, ಜ್ಯೇಷ್ಠ, ಕನಿಷ್ಠ, ಗರಿಷ್ಠ, ಬಲಿಷ್ಠ ಅಂತ ಸಂಸ್ಕೃತದಿಂದ ಬಂದ ಪದಗಳ ಕೊನೇಲಿರೋ ಇಷ್ಠ ಇದ್ಯಲ್ಲ, ಅದೂ ಇಂಗ್ಲಿಷಿನ ಎಸ್ಟ್ ಕೂಡ ಒಂದೇ ಬೇರಿನವು. ಜ್ಯೇಷ್ಠ ಅಂದ್ರೇನೇ ಎಲ್ಲರಿಗಿಂತ ಹಿರಿಯ, ಎಲ್ಡೆಸ್ಟ್. ಶ್ರೇಷ್ಠ ಅಂದ್ರೇ ಎಲ್ಲದಕ್ಕಿಂತ ಒಳ್ಳೇದು, ಅದರ ಮೇಲೆ ಇನ್ನೊಂದು ತಮ ಹಚ್ಚಿ ಶ್ರೇಷ್ಠತಮ ಅಂತೀವಿ, ಮೋಸ್ಟ್ ಬೆಸ್ಟ್ ಅಂದಂಗೆ. ಬಲಿಷ್ಠ ಅಂತೂ ಈಗ ಬರೀ ಸ್ಟ್ರಾಂಗ್ ಅನ್ನೋ ಅರ್ಥಕ್ಕೆ ಇಳಿದಿದೆ, ಬಾಲ ಇದ್ರೂ ಸೂಪರ್ಲೇಟಿವ್ ಅಂತ ಯಾರಿಗೂ ಅನ್ಸಲ್ಲ. ಎಸ್ಟ್ ಅನ್ನೋದನ್ನ ಇಷ್ಠ ಅಂತ ನೋಡೋಕೆ ಶುರು ಮಾಡಿದ ಮೇಲೆ ಅದು ಪರಕೀಯ ಅನ್ನಿಸೋದು ನಿಂತುಹೋಯ್ತು.

ಎಲ್ಲಿ ಬಾಲ ಹಚ್ಚಬೇಕು, ಎಲ್ಲಿ ಮೋರ್ ಹಾಕ್ಬೇಕು ಅನ್ನೋದು ಮುಂದಿನ ತಲೆನೋವು. ರೂಲ್ ಸಿಂಪಲ್ಲು, ಪದದಲ್ಲಿ ಒಂದು ಸಿಲಬಲ್, ಅಂದ್ರೆ ಬಾಯಲ್ಲಿ ಒಂದೇ ಸ್ವರ, ಇದ್ರೆ ಅರ್, ಎಸ್ಟ್. ಮೂರು ಅಥವಾ ಜಾಸ್ತಿ ಇದ್ರೆ ಮೋರ್, ಮೋಸ್ಟ್. ನಾನು ಟೇಬಲ್ ಮೇಲೆ ಬೆರಳು ತಟ್ಟಿ ಎಣಿಸ್ತಿದ್ದೆ, ಆದ್ರೂ ತಪ್ಪಾಗ್ತಿತ್ತು, ಯಾಕೆ ಅಂತ ಬಹಳ ದಿನ ಹೊಳೀಲಿಲ್ಲ. ನಾವು ವ್ಯಂಜನದಲ್ಲಿ ಪದ ಮುಗಿಸಲ್ಲ ನೋಡಿ, ಸ್ಟ್ರಾಂಗ್ ನಮ್ಮ ಬಾಯಲ್ಲಿ ಸ್ಟ್ರಾಂಗು, ಲಾರ್ಜ್ ಲಾರ್ಜು, ಚೀಪ್ ಚೀಪು. ನಾನು ಎರಡು ಸಲ ತಟ್ಟಿ 'ಮೋರ್ ಸ್ಟ್ರಾಂಗ್' ಅಂತ ಬರೀತಿದ್ದೆ. ಕೊನೇ ಉಕಾರ ಕಿತ್ತು ಹಾಕಿ ತಟ್ಟಬೇಕು, ಆಗ ಒಂದೇ.

ತಮಾಷೆ ಅಂದ್ರೆ ಇದೇ ಉಕಾರ ಸ್ಪೆಲ್ಲಿಂಗಲ್ಲಿ ನನಗೆ ಸಹಾಯಕ್ಕೆ ಬಂತು. ಬಿಗ್ಗರ್‌ನಲ್ಲಿ ಜಿ ಎರಡು, ಥಿನ್ನರ್‌ನಲ್ಲಿ ಎನ್ ಎರಡು, ಆದ್ರೆ ಕೂಲರ್, ಡೀಪರ್, ನೀಟರ್‌ನಲ್ಲಿ ಒಂದೊಂದೇ. ಪುಸ್ತಕದಲ್ಲಿ ಇದಕ್ಕೆ ವ್ಯಂಜನ ಸ್ವರ ವ್ಯಂಜನ ಅಂತ ಫಾರ್ಮುಲಾ ಇದೆ, ನನಗೆ ಅದು ತಲೇಲಿ ನಿಲ್ಲಲ್ಲ. ಒಂದಿನ ಸುಮ್ಮನೆ ಯೋಚನೆ ಮಾಡ್ತಾ ಕೂತಿದ್ದಾಗ ಹೊಳೀತು, ನಾವು ಬಸ್ ಅನ್ನ ಬಸ್ಸು ಅಂತೀವಿ, ಪೆನ್ ಅನ್ನ ಪೆನ್ನು ಅಂತೀವಿ, ಆದ್ರೆ ಕಾರನ್ನ ಕಾರ್ರು ಅನ್ನಲ್ಲ, ಫೋನನ್ನ ಫೋನ್ನು ಅನ್ನಲ್ಲ. ಕಲ್ಲು ಕಾಲು, ಕಣ್ಣು ಬಾಣು... ಬಾಣು ಅಂತ ಪದ ಇಲ್ಲ ಬಿಡಿ, ಮೀನು ಅನ್ನಿ. ಕೊನೇ ವ್ಯಂಜನಕ್ಕಿಂತ ಮೊದಲಿರೋ ಸ್ವರ ಹ್ರಸ್ವ ಇದ್ರೆ ಒತ್ತು ಬರುತ್ತೆ, ದೀರ್ಘ ಇದ್ರೆ ಬರಲ್ಲ. ಬಿಗ್ಗರ್ ಕೂಲರ್ ಅದೇ ಲೆಕ್ಕ! ಯಾವ ಟೀಚರೂ ಹೇಳಿಕೊಡದೇ ಮೂರ್ನಾಲ್ಕು ವರ್ಷದ ಮಗೂಗೆ ಬರೋ ರೂಲ್ ಇದು, ನಾನು ಇಂಗ್ಲಿಷಲ್ಲಿ ಒದ್ದಾಡ್ತಿದ್ದೆ. ಹಾಟ್‌ಗೆ ಮಾತ್ರ ಕೈಕೊಡುತ್ತೆ, ನಾವು ಅದನ್ನ ಎಳೆದು ದೀರ್ಘ ಮಾಡ್ತೀವಿ, ಅವರಿಗೆ ಅದು ಹ್ರಸ್ವ, ಅದಕ್ಕೇ ಹಾಟರ್‌ನಲ್ಲಿ ಟಿ ಎರಡು. ಫಾಸ್ಟ್, ಲಾಂಗ್ ಥರ ಕೊನೇಲಿ ಆಗಲೇ ಎರಡು ವ್ಯಂಜನ ಇದ್ರೆ ಮತ್ತೆ ಒತ್ತು ಬೇಡ.

ಎರಡು ಸಿಲಬಲ್ ಪದಗಳೇ ಕಿರಿಕಿರಿ. ವೈನಲ್ಲಿ ಮುಗಿದ್ರೆ ವೈ ಹೋಗಿ ಐ ಬರುತ್ತೆ, ಈಸಿಯರ್, ಬಿಜಿಯರ್, ಹ್ಯಾಪಿಯರ್. ಸಿಂಪಲ್, ನ್ಯಾರೋ ಥರದವು ಸಿಂಪ್ಲರ್, ನ್ಯಾರೋವರ್ ಆಗುತ್ವೆ. ಯೂಸ್‌ಫುಲ್, ಕೇರ್‌ಲೆಸ್, ಫೇಮಸ್, ಬೋರಿಂಗ್ ಅಂತ ಫುಲ್, ಲೆಸ್, ಅಸ್, ಇಂಗ್ ಬಾಲ ಆಗಲೇ ಇದ್ರೆ ಎರಡನೇ ಬಾಲ ಇಲ್ಲ, ಮೋರ್ ಹಾಕ್ಬೇಕು. ಬೋರ್ಡ್, ಟೈರ್ಡ್ ಕೂಡ ಹಾಗೇ, ಚಿಕ್ಕ ಪದ ಅಂತ ಟೈರ್ಡರ್ ಅಂದುಬಿಟ್ಟೀರ. ಫನ್ ಅನ್ನೋದು ಒಂದೇ ಸಿಲಬಲ್ಲು, ಆದ್ರೂ ಮೋರ್ ಫನ್. ಡೌಟ್ ಬಂದ್ರೆ ನಾನು ಡಿಕ್ಷನರಿ ನೋಡ್ತೀನಿ, ಬಾಲದ ರೂಪ ಇದ್ರೆ ಪದದ ಪಕ್ಕದಲ್ಲೇ ಕೊಟ್ಟಿರ್ತಾರೆ.

ಸೂಪರ್ಲೇಟಿವ್ ಪ್ರಾಕ್ಟೀಸ್ ಮಾಡೋಕೆ ನನಗೆ ನಿಜವಾದ ಮಾಹಿತಿ ಬೇಕಿತ್ತು, ರಾಮು ಸೋಮುಗಿಂತ ಎತ್ತರ ಅಂತ ಎಷ್ಟು ಅಂತ ಬರೆಯೋದು, ಬೋರ್. ಗ್ರಹಗಳು, ಬೆಟ್ಟಗಳನ್ನ ತಗೊಂಡೆ. ಬುಧ ಸೂರ್ಯನಿಗೆ ಕ್ಲೋಸೆಸ್ಟ್ ಪ್ಲಾನೆಟ್ಟು, ಆದ್ರೆ ಹಾಟೆಸ್ಟ್ ಅದಲ್ಲ, ಶುಕ್ರ. ದಟ್ಟವಾದ ಕಾರ್ಬನ್ ಡೈಆಕ್ಸೈಡ್ ವಾತಾವರಣ ಶಾಖ ಹಿಡಿದಿಟ್ಕೊಳ್ಳೋದ್ರಿಂದ. ಬುಧ ಸ್ಮಾಲೆಸ್ಟ್ ಪ್ಲಾನೆಟ್ ಕೂಡ ಹೌದು, ವ್ಯಾಸ 4,879 ಕಿ.ಮೀ., ಗುರು ಗ್ರಹದ ಗ್ಯಾನಿಮೀಡ್ ಅನ್ನೋ ಚಂದ್ರ ಅದಕ್ಕಿಂತ ದೊಡ್ಡದು, ಸುಮಾರು 5,268 ಕಿ.ಮೀ. ಈ ಎರಡು ಸಾಲಿನ ಮಾಹಿತೀಲಿ ಹತ್ತು ವಾಕ್ಯ ಬರೀಬಹುದು, ಬರೆದೆ ಕೂಡ.

ಬೆಟ್ಟ ಇನ್ನೂ ಮಜಾ. ಕನ್ನಡದಲ್ಲಿ ಎತ್ತರ ಅನ್ನೋ ಒಂದೇ ಪದಕ್ಕೆ ಇಂಗ್ಲಿಷಲ್ಲಿ ಹೈ ಮತ್ತು ಟಾಲ್ ಅಂತ ಎರಡಿದೆ, ನಾನು ಎರಡನ್ನೂ ಕಲಸಿಬಿಡ್ತಿದ್ದೆ. ಎವರೆಸ್ಟ್ 8,849 ಮೀಟರ್, ಸಮುದ್ರಮಟ್ಟದಿಂದ ಅಳೆದ್ರೆ ಅದೇ ಹೈಯೆಸ್ಟ್. ಆದ್ರೆ ಹವಾಯಿಯ ಮೌನಾ ಕಿಯಾ ಸಮುದ್ರದ ತಳದಲ್ಲಿರೋ ಬುಡದಿಂದ ತುದಿವರೆಗೆ 10,000 ಮೀಟರ್‌ಗಿಂತ ಜಾಸ್ತಿ, ನೀರಿನ ಮೇಲೆ ಕಾಣೋದು 4,207 ಮೀಟರ್ ಮಾತ್ರ, ಆ ಲೆಕ್ಕದಲ್ಲಿ ಟಾಲೆಸ್ಟ್ ಅದು. ಇನ್ನು ಭೂಮಿಯ ಕೇಂದ್ರದಿಂದ ಅಳೆದ್ರೆ ಎರಡೂ ಅಲ್ಲ, ಈಕ್ವೆಡಾರ್‌ನ ಚಿಂಬೊರಾಜೊ ತುದಿ ಫಾರ್ದೆಸ್ಟ್, ಅದರ ಎತ್ತರ 6,263 ಮೀಟರೇ ಆದ್ರೂ ಭೂಮಿ ಸಮಭಾಜಕ ವೃತ್ತದ ಹತ್ರ ಉಬ್ಬಿರೋದ್ರಿಂದ. ಹೈಯೆಸ್ಟ್, ಟಾಲೆಸ್ಟ್, ಫಾರ್ದೆಸ್ಟ್ ಮೂರಕ್ಕೂ ಬೇರೆ ಬೇರೆ ಬೆಟ್ಟ! ಹೈ ಅಂದ್ರೆ ತುದಿ ಎಲ್ಲಿದೆ ಅನ್ನೋದು, ಟಾಲ್ ಅಂದ್ರೆ ಬುಡದಿಂದ ತುದಿಗೆ ಎಷ್ಟು ಅನ್ನೋದು, ಇದನ್ನ ಇಷ್ಟು ಚೆನ್ನಾಗಿ ಬೇರೆ ಯಾವ ಉದಾಹರಣೆಯೂ ನನಗೆ ಬಿಡಿಸಿ ಹೇಳಿಲ್ಲ. ಕೆ2 8,611 ಮೀಟರ್, ಅದು ದ ಸೆಕೆಂಡ್ ಹೈಯೆಸ್ಟ್. 'ಎರಡನೇ ಅತಿ ಎತ್ತರದ' ಅಂತ ಕನ್ನಡದಲ್ಲಿ ಹೇಳುವಾಗ ಸ್ವಲ್ಪ ಅಡ್ಡಾದಿಡ್ಡಿ ಅನ್ಸುತ್ತೆ, ಅತಿ ಎತ್ತರ ಅಂದ್ಮೇಲೆ ಎರಡನೇದು ಹೇಗೆ ಅಂತ, ಇಂಗ್ಲಿಷಲ್ಲಿ ಆ ಮುಜುಗರ ಇಲ್ಲ.

ಈ ವಾಕ್ಯಗಳನ್ನ ತಿದ್ದಿಸ್ಕೊಂಡಾಗ ಎರಡು ಜಾಗದಲ್ಲಿ ಮಾತ್ರ ಪದೇ ಪದೇ ಕೆಂಪು ಬಿತ್ತು. ಒಂದು, ಸೂಪರ್ಲೇಟಿವ್ ಹಿಂದೆ ಬರಬೇಕಾದ ದ ಬಿಟ್ಟುಬಿಡೋದು, ನಮ್ಮಲ್ಲಿ ಆರ್ಟಿಕಲ್ಲೇ ಇಲ್ಲ, ಏನ್ ಮಾಡೋದು. ಆದ್ರೆ 'ಅದು ದೊಡ್ಡದು' ಬಿಟ್ಟು 'ಅದೇ ದೊಡ್ಡದು' ಅಂತೀವಲ್ಲ, ಆ ಏ ಅನ್ನೋ ಒತ್ತು ಮನಸ್ಸಿಗೆ ಬಂದ್ರೆ ದ ಹಾಕು ಅಂತ ಕೈಗೆ ಹೇಳಿಕೊಟ್ಟೆ, ಬಹುಪಾಲು ಸಲ ಕೆಲಸ ಮಾಡುತ್ತೆ. ಇನ್ನೊಂದು ಆಫ್ ಮತ್ತು ಇನ್. ಕ್ಲಾಸಲ್ಲಿ, ಮೂವರಲ್ಲಿ, ಎರಡಕ್ಕೂ ನಮ್ಮದು ಅದೇ 'ಅಲ್ಲಿ' ಅನ್ನೋ ಪ್ರತ್ಯಯ. ಇಂಗ್ಲಿಷಲ್ಲಿ ಜಾಗ ಅಥವಾ ಗುಂಪು ಅಂದ್ರೆ ಇನ್, ದ ಟಾಲೆಸ್ಟ್ ಇನ್ ದ ಕ್ಲಾಸ್. ಎಣಿಸೋಕೆ ಸಿಗೋ ಮಂದಿ ಅಂದ್ರೆ ಆಫ್, ದ ಟಾಲೆಸ್ಟ್ ಆಫ್ ದ ಥ್ರೀ. ಜೊತೆಗೆ 'ಒನ್ ಆಫ್ ದ ಬೆಸ್ಟ್' ಆದ ಮೇಲೆ ಬಹುವಚನ, ಒನ್ ಆಫ್ ದ ಬೆಸ್ಟ್ ಸ್ಟೂಡೆಂಟ್ಸ್, ಕೊನೇ ಎಸ್ ನುಂಗಬೇಡಿ. 'ಒಳ್ಳೇ ವಿದ್ಯಾರ್ಥಿಗಳಲ್ಲಿ ಒಬ್ಬ' ಅಂತ ಕನ್ನಡದಲ್ಲೂ ಬಹುವಚನಾನೇ ಇದೆ, ಆದ್ರೂ ಇಂಗ್ಲಿಷಿಗೆ ಹೋದಾಗ ಒನ್ ಅನ್ನೋದು ಕಣ್ಣಿಗೆ ಬಿದ್ದು ಏಕವಚನ ಆಗ್ಬಿಡುತ್ತೆ.

ಎಲ್ಡರ್ ದ್ಯಾನ್ ಮಿ ಅನ್ನೋದೂ ನನ್ನ ನೋಟ್‌ಬುಕ್ಕಲ್ಲಿತ್ತು. ಎಲ್ಡರ್ ಪಕ್ಕ ದ್ಯಾನ್ ಬರಲ್ಲ, ಓಲ್ಡರ್ ದ್ಯಾನ್ ಮಿ ಅನ್ಬೇಕು. ಎಲ್ಡರ್ ಬೇಕಾಗೋದು ಹೆಚ್ಚಾಗಿ ಎಲ್ಡರ್ ಬ್ರದರ್, ಎಲ್ಡರ್ ಸಿಸ್ಟರ್ ಅಂತ ಮನೆಯವರ ಬಗ್ಗೆ ಹೇಳುವಾಗ. ನಮಗೆ ಅಣ್ಣ, ಅಕ್ಕ ಅನ್ನೋ ಪದದಲ್ಲೇ ದೊಡ್ಡವರು ಅನ್ನೋದು ಸೇರ್ಕೊಂಡಿದೆ, ಹಾಗಾಗಿ ಎಲ್ಡರ್ ಹಾಕೋ ಅಭ್ಯಾಸ ಜಾಸ್ತಿ, ಅದೇ ಅಭ್ಯಾಸದಲ್ಲಿ ದ್ಯಾನ್ ಜೊತೆಗೂ ಹಾಕಿಬಿಡ್ತೀವಿ. ಸೀನಿಯರ್, ಜೂನಿಯರ್, ಸುಪೀರಿಯರ್, ಇನ್‌ಫೀರಿಯರ್ ಲ್ಯಾಟಿನ್‌ನಿಂದ ಬಾಲ ಸಮೇತ ಬಂದಿರೋ ಕಂಪ್ಯಾರಿಟಿವ್‌ಗಳು, ಅವುಗಳಿಗೆ ಟು. ಪ್ರಿಫರ್‌ಗೂ ಟು, ಐ ಪ್ರಿಫರ್ ಮೆಸೇಜಿಂಗ್ ಟು ಕಾಲಿಂಗ್. ಕನ್ನಡದಲ್ಲಿ ಇಲ್ಲೆಲ್ಲ ಗಿಂತ ಬರುತ್ತೆ, ಅದಕ್ಕೇ ದ್ಯಾನ್ ನುಗ್ಗೋದು. ನನ್ನ ಗಿಂತ ಉಪಾಯ ಸೋಲೋ ಜಾಗ ಇದು, ಇವನ್ನ ಬಾಯಿಪಾಠವೇ ಮಾಡ್ದೆ.

ಉಲ್ಟಾ, ಕನ್ನಡ ನನ್ನನ್ನ ಕಾಪಾಡಿದ ಜಾಗಾನೂ ಇದೆ. 'ಮೈ ರಿಪೋರ್ಟ್ ಈಸ್ ಲಾಂಗರ್ ದ್ಯಾನ್ ಹಿಮ್' ಅಂತ ಒಂದು ವಾಕ್ಯ ಇತ್ತು, ಅಂದ್ರೆ ನನ್ನ ರಿಪೋರ್ಟ್ ಅವನಿಗಿಂತ ಉದ್ದ, ಮನುಷ್ಯನನ್ನೇ ಟೇಪ್ ಹಿಡಿದು ಅಳೆದಂಗೆ. ಕೆಳಗೆ ಕನ್ನಡ ಬರೆಯೋಕೆ ಹೋದಾಗ ಕೈ ತಾನಾಗೇ 'ಅವನದಕ್ಕಿಂತ' ಅಂತ ಬರೀತು. ಅದರೊಳಗಿರೋ 'ಅದು' ಇದ್ಯಲ್ಲ, ಅದೇ ಹಿಸ್, ಅದೇ ದಟ್ ಆಫ್. ಕನ್ನಡದಲ್ಲಿ ಅವನಿಗಿಂತಾನಾ ಅವನದಕ್ಕಿಂತಾನಾ ಅಂತ ಕೇಳ್ಕೊಂಡ್ರೆ ಉತ್ತರ ಸಿಗುತ್ತೆ. ಎನಿ ಅದರ್ ಕೂಡ ಹೀಗೇ ಅರ್ಥ ಆಯ್ತು. 'ಶೀ ಈಸ್ ಟಾಲರ್ ದ್ಯಾನ್ ಎನಿ ಗರ್ಲ್ ಇನ್ ದ ಕ್ಲಾಸ್' ಅಂದ್ರೆ ಆ ಹುಡುಗಿನೂ ಕ್ಲಾಸಲ್ಲೇ ಇದಾಳಲ್ಲ, ತನಗಿಂತ ತಾನೇ ಎತ್ತರ ಆಗೋಕಾಗುತ್ತಾ, 'ಬೇರೆ ಯಾವ ಹುಡುಗಿಗಿಂತಲೂ' ಅನ್ನೋದ್ರಲ್ಲಿರೋ ಬೇರೆ ಇಂಗ್ಲಿಷಲ್ಲೂ ಬರಬೇಕು.

'ಎಷ್ಟು ಬೇಗ ಆದ್ರೆ ಅಷ್ಟು ಒಳ್ಳೇದು' ಅನ್ನೋದಕ್ಕೆ ದ ಸೂನರ್ ದ ಬೆಟರ್ ಇದೆ, ಎಷ್ಟು ಇರೋ ಕಡೆ ಒಂದು ದ, ಅಷ್ಟು ಇರೋ ಕಡೆ ಒಂದು ದ, ಎರಡೂ ಕಡೆ ಬಾಲ. ಇದು ಒಂದೇ ಸಲಕ್ಕೆ ಬಂತು, ಇದರ ಬಗ್ಗೆ ಹೇಳೋಕೆ ಏನಿಲ್ಲ.

ಬೇರೆಯವರ ಕೆಲಸದ ಬಗ್ಗೆ ಫೀಡ್‌ಬ್ಯಾಕ್ ಬರೆಯುವಾಗ ಮಾತ್ರ ನಾನು ಕಂಪ್ಯಾರಿಟಿವ್ ಬಳಸೋದನ್ನ ಕಮ್ಮಿ ಮಾಡಿದೀನಿ. 'ದಿಸ್ ಡ್ರಾಫ್ಟ್ ಈಸ್ ವರ್ಸ್ ದ್ಯಾನ್ ದ ಫಸ್ಟ್' ಗ್ರಾಮರ್ ಪ್ರಕಾರ ಸರಿ, ಓದೋವ್ರಿಗೆ ಕಪಾಳಕ್ಕೆ ಹೊಡೆದಂಗೆ. 'ನಾಟ್ ಆ್ಯಸ್ ಕ್ಲಿಯರ್ ಆ್ಯಸ್ ದ ಫಸ್ಟ್' ಅಂದ್ರೆ ಅದೇ ವಿಷಯ, ಪೆಟ್ಟು ಕಮ್ಮಿ. ನಾವೂ 'ಅದರಷ್ಟು ಚೆನ್ನಾಗಿಲ್ಲ' ಅಂತೀವೇ ಹೊರತು 'ಅದಕ್ಕಿಂತ ಕೆಟ್ಟದಾಗಿದೆ' ಅಂತ ಮುಖಕ್ಕೆ ಹೇಳೋದು ಅಪರೂಪ. ಆ್ಯಸ್ ಆ್ಯಸ್ ಮಧ್ಯೆ ಬರೋ ಪದಕ್ಕೆ ಬಾಲ ಇರಲ್ಲ ಅನ್ನೋದು ಬೋನಸ್, ತಪ್ಪು ಮಾಡೋಕೆ ಜಾಗಾನೇ ಕಮ್ಮಿ.

ಮೊನ್ನೆ ಮತ್ತೊಂದು ಸಿಕ್ತು. 'ಶೀ ಟ್ರಸ್ಟ್ಸ್ ಹಿಮ್ ಮೋರ್ ದ್ಯಾನ್ ಮಿ' ಅಂತ ಬರೆದು ನಿಂತೆ. ನನ್ನನ್ನ ನಂಬೋದಕ್ಕಿಂತ ಜಾಸ್ತಿ ಅವನನ್ನ ನಂಬ್ತಾಳೆ ಅಂತಲೋ, ನಾನು ಅವನನ್ನ ನಂಬೋದಕ್ಕಿಂತ ಅವಳು ಜಾಸ್ತಿ ನಂಬ್ತಾಳೆ ಅಂತಲೋ? ಕನ್ನಡ ಕೇಳಿದ್ರೆ 'ಅವಳು ನನಗಿಂತ ಅವನನ್ನ ಜಾಸ್ತಿ ನಂಬ್ತಾಳೆ' ಅಂತು, ಅದೂ ಎರಡೂ ಕಡೆ ವಾಲುತ್ತೆ. ಈ ಸಲ ಗಿಂತಾನೂ ಕೈಬಿಡ್ತು. ಕೊನೆಗೆ ದ್ಯಾನ್ ಐ ಡೂ ಅಂತ ಮಾಡಿ ಸೆಂಡ್ ಒತ್ತಿದೆ.